ಭಂಗಾರ, ಬಂಗಾರ

"ಗಾಡಿ ಚಾಲೂ ಆಗವಲ್ದು" ಅನ್ನೋದು ಡಾಕ್ಟರ ಮುಂದೆ ಕೂತು "ಆರಾಮಿಲ್ಲ" ಅಂದ ಹಾಗೆ. ಮಾತು ನಿಜವೇ, ಆದರೆ ಅದರಿಂದ ಡಾಕ್ಟರಿಗೆ ಏನೂ ಗೊತ್ತಾಗಲ್ಲ. ತಲೆನೋವೋ, ಹೊಟ್ಟೆನೋವೋ, ಜ್ವರವೋ? ಹಳೇ ಗಾಡಿಯದೂ ಅಷ್ಟೇ. ಸ್ಟಾರ್ಟರ್ ಹೊಡೆದಾಗ 'ಟಕ್' ಅಂದು ಸುಮ್ಮನಾದರೆ ಒಂದು ರೋಗ. ಇಂಜಿನ್ 'ಖೊರ್ ಖೊರ್ ಖೊರ್' ಅಂತ ಚೆನ್ನಾಗೇ ತಿರುಗಿ, ಹತ್ತಿಕೊಳ್ಳದೇ ಹೋದರೆ ಬೇರೆಯದೇ ರೋಗ. ಮೊದಲನೆಯದಕ್ಕೆ ಬ್ಯಾಟರಿ, ಅದರ ಟರ್ಮಿನಲ್, ಸ್ಟಾರ್ಟರ್ ನೋಡಬೇಕು. ಎರಡನೆಯದಕ್ಕೆ ಎರಡೇ ಪ್ರಶ್ನೆ: ಪೆಟ್ರೋಲ್ ಬರ್ತಿದೆಯಾ? ಕಿಡಿ ಬರ್ತಿದೆಯಾ? ಇಷ್ಟನ್ನ ಕೇಳದೆ ಪಾನಾ ಕೈಗೆತ್ತಿಕೊಂಡವರು ನಮ್ಮ ಮನೆಗೆ ಎಷ್ಟು ಖರ್ಚು ಮಾಡಿಸಿದರು ಅನ್ನೋದರ ಲೆಕ್ಕ ಅಪ್ಪನ ಡೈರಿಯಲ್ಲಿದೆ. ಅದಕ್ಕೆ ಆಮೇಲೆ ಬರ್ತೀನಿ.

ನಮ್ಮೂರು ಘೋಡಗೇರಿ. ಗೋಕಾಕ-ಹುಕ್ಕೇರಿ ಸೀಮೆ. ಮಹಾರಾಷ್ಟ್ರದ ಗಡಿ ದೂರ ಇಲ್ಲವಾದ್ದರಿಂದ ನಮ್ಮ ಕನ್ನಡದಲ್ಲಿ ಮರಾಠಿ ಧಾರಾಳವಾಗಿ ಬೆರೆತಿದೆ. ಬೆಂಗಳೂರಿನವರು ಗುಜರಿ ಅನ್ನೋದಕ್ಕೆ ನಾವು 'ಭಂಗಾರ' ಅಂತೀವಿ. ಬರೆಯುವಾಗ ಮಹಾಪ್ರಾಣ ಇರುತ್ತೆ, ಬಾಯಲ್ಲಿ ಅಷ್ಟಾಗಿ ಉಳಿಯಲ್ಲ. ಹಾಗಾಗಿ ಬಂಗಾರಕ್ಕೂ ಭಂಗಾರಕ್ಕೂ ಇರೋ ವ್ಯತ್ಯಾಸ ಕಿವಿಗೆ ಗೊತ್ತಾಗೋದು ಕಷ್ಟ. 2024ರ ಜುಲೈನಲ್ಲಿ ಅಣ್ಣ ಫೋನ್ ಮಾಡಿ, "ಸೋಮವಾರ ಭಂಗಾರದಾಂವ ಬರ್ತಾನ. ಅಪ್ಪನ ಗಾಡಿ ಕೊಟ್ಟ ಬಿಡ್ತೀನಿ. ಅದರಾಗ ನಿಂದೇನರ ಇದ್ರ ಹೇಳು" ಅಂದಾಗ ನನ್ನ ಪಕ್ಕದಲ್ಲಿದ್ದ ಮೈಸೂರಿನ ಗೆಳತಿ, "ನಿಮ್ಮನೇಲಿ ಕಾರು ಮಾರಿ ಒಡವೆ ಮಾಡಿಸ್ತಾರಾ?" ಅಂತ ಕೇಳಿದಳು.

ಗಾಡಿ 1984ರ ಅಂಬಾಸಿಡರ್, ಮಾರ್ಕ್ 4. ಪೆಟ್ರೋಲ್. ಬಣ್ಣ ಒಂದು ಕಾಲಕ್ಕೆ ಬಿಳಿ. ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಾಗೋಕೆ ಶುರುವಾಗಿದ್ದು ಐವತ್ತರ ದಶಕದ ಕೊನೆಗೆ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ. ನಿಂತಿದ್ದು 2014ರಲ್ಲಿ. ನಮ್ಮ ಕಡೆ ಅದು ಮಂತ್ರಿಗಳ ಗಾಡಿ, ಸಕ್ಕರೆ ಕಾರಖಾನಿ ಚೇರಮನ್ನರ ಗಾಡಿ. ಅಪ್ಪ ಒಂದು ವರ್ಷ ಕಬ್ಬಿನ ಬಿಲ್ಲು ಚಲೋ ಬಂತು ಅಂತ ಸೆಕೆಂಡ್ ಹ್ಯಾಂಡ್ ತಗೊಂಡರು. ಬಿತ್ತನೆ ಗೊಬ್ಬರದಿಂದ ಹಿಡಿದು ಹೆರಿಗೆಗೆ ಹೊರಟ ಓಣಿಯ ಹೆಣ್ಣುಮಕ್ಕಳವರೆಗೆ ಎಲ್ಲವೂ ಅದರಲ್ಲೇ.

ಅಣ್ಣನ ಮಾತಿನಲ್ಲಿ ನ್ಯಾಯ ಇತ್ತು. ಊರಲ್ಲಿದ್ದು ಹೊಲ, ಮನೆ, ಅವ್ವ ಎಲ್ಲಾ ನೋಡಿಕೊಳ್ಳೋನು ಅವನು. ಡ್ರಿಪ್ ಪೈಪು ಇಡಲಿಕ್ಕೆ ಜಾಗ ಇಲ್ಲದೆ ಅವು ಅಂಗಳದಲ್ಲಿ ಬಿಸಿಲು ತಿಂತಿದ್ದವು. ಅದರ ಮೇಲೆ ಆರ್‌ಸಿ ಮುಗಿಯೋ ಹೊತ್ತು. ಖಾಸಗಿ ಕಾರಿಗೆ ಮೊದಲ ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 1984ರ ಆಗಸ್ಟಿನಿಂದ ಎಣಿಸಿದರೆ 2024ರ ಆಗಸ್ಟಿಗೆ ಸರಿಯಾಗಿ ಗಡುವು. ಮೊದಲು 600 ರೂಪಾಯಿ ಇದ್ದ ನವೀಕರಣದ ಫೀಸು 2022ರ ಏಪ್ರಿಲಿನಿಂದ 5000 ಆಗಿತ್ತು. ಅದನ್ನೂ ಕಟ್ಟಬಹುದು, ಆದರೆ ಗಾಡಿಯನ್ನ ಆರ್‌ಟಿಓ ಮುಂದೆ ನಿಲ್ಲಿಸಬೇಕು. ಮೂರು ವರ್ಷದಿಂದ ಶೆಡ್ಡಿನಿಂದ ಹೊರಗೆ ಬಾರದ ಗಾಡಿಯನ್ನ ಚಿಕ್ಕೋಡಿಗೆ ಒಯ್ಯೋದು ಹೇಗೆ, ಟೆಂಪೋದಲ್ಲಿ ಹೇರಿಕೊಂಡಾ?

ಇನ್ನೊಂದು ವಿಷಯ ಇತ್ತು. ಅಪ್ಪ ತೀರಿದ ಮೇಲೆ ಆರ್‌ಸಿ ಆಗಿದ್ದು ಅವ್ವನ ಹೆಸರಿಗೆ. ಗಾಡಿ ಅವ್ವನದು. ಅವ್ವನ್ನ ಯಾರೂ ಕೇಳಿರಲಿಲ್ಲ. ನಾನು ಫೋನಿನಲ್ಲಿ ಕೇಳಿದಾಗ ಅವ್ವ ಹೇಳಿದ್ದು ಇಷ್ಟೇ: "ಮೊದಲ ಚಾಲೂ ಆಗ್ಲಿ. ಆಮ್ಯಾಲ ಹೇಳ್ತೀನಿ."

ಗುರುವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಶುಕ್ರವಾರ ಘಟಪ್ರಭಾದಲ್ಲಿ ಇಳಿದೆ. ಹೊರಗೆ ಜಿಟಿಜಿಟಿ ಮಳೆ.

ಅಪ್ಪನ ಡೈರಿ ಅಂದೆನಲ್ಲ, ಅದು ಹಾಲಿನ ಲೆಕ್ಕ, ಕಬ್ಬಿನ ಲೆಕ್ಕ, ಆಳಿನ ಪಗಾರ ಎಲ್ಲಾ ಒಂದರಲ್ಲೇ ಇರೋ ವಹಿ. ಕೊನೇ ವರ್ಷದ ಪುಟಗಳಲ್ಲಿ ಗಾಡಿಯ ಖರ್ಚೂ ಇದೆ. 'ಬ್ಯಾಟರಿ ಹೊಸದು. ಚಾಲೂ ಆಗಲಿಲ್ಲ.' ಎರಡು ವಾರ ಬಿಟ್ಟು, 'ಪ್ಲಗ್ ನಾಲ್ಕು. ಚಾಲೂ ಆಗಲಿಲ್ಲ.' ಆಮೇಲೆ 'ಕಾಯಿಲ್'. ಆಮೇಲೆ 'ಸಿಬಿ ಪಾಯಿಂಟ್, ಕಂಡೆನ್ಸರ್'. ಆಮೇಲೆ 'ಕಾರ್ಬ್ಯುರೇಟರ್ ಕಿಟ್'. ಮೂರು ಬೇರೆಬೇರೆ ಗ್ಯಾರೇಜಿನವರು ಮನೆಗೆ ಬಂದು ನೋಡಿದ್ದರು. ಪ್ರತಿಯೊಬ್ಬರೂ ತಮಗೆ ಅನಿಸಿದ್ದನ್ನ ಬದಲಾಯಿಸಿ, ದುಡ್ಡು ತಗೊಂಡು, ಕೊನೆಗೆ "ಇಂಜಿನ್ನೇ ಹೋಗೈತ್ರಿ ಸಾವ್ಕಾರ್ರ" ಅಂದು ಹೋಗಿದ್ದರು. ಡೈರಿಯಲ್ಲಿ ಗಾಡಿಯ ಬಗ್ಗೆ ಕೊನೆಯದಾಗಿ ಇರೋದು, 'ನಾಳೆ ನೋಡೂಣು.' ಅದಾದ ಮೇಲೆ ಅಪ್ಪನಿಗೇ ಆರಾಮ ತಪ್ಪಿತು.

ಸಾಫ್ಟ್‌ವೇರಿನಲ್ಲಿ ಬಗ್ ಹುಡುಕೋದು ನನ್ನ ಹೊಟ್ಟೆಪಾಡು. ಆ ಪುಟಗಳನ್ನ ಓದಿದಾಗ ನನಗೆ ಕಂಡಿದ್ದು ಏನೆಂದರೆ, ಇಷ್ಟು ಖರ್ಚಿನಲ್ಲಿ ಒಂದೇ ಒಂದು ಪರೀಕ್ಷೆಯ ಫಲಿತಾಂಶ ಇಲ್ಲ. 'ಕಿಡಿ ಇದೆ', 'ಕಿಡಿ ಇಲ್ಲ' ಅಂತ ಒಂದು ಸಾಲು ಕೂಡ ಇಲ್ಲ.

ಅಪ್ಪನ ಸ್ನೇಹಿತರೊಬ್ಬರಿದ್ದಾರೆ. ಒಂದು ಸಕ್ಕರೆ ಕಾರಖಾನಿಯ ಗ್ಯಾರೇಜಿನಲ್ಲಿ ದುಡಿದು ನಿವೃತ್ತರಾದವರು. ನಾವೆಲ್ಲ ಮಿಸ್ತ್ರಿ ಕಾಕಾ ಅಂತೀವಿ. ಎರಡೂ ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟು ಸುಮಾರು ವರ್ಷವಾಗಿತ್ತು. ಒಂದರ ಆಪರೇಷನ್ ಆಗಿತ್ತು, ಇನ್ನೊಂದು ಬಾಕಿ. ಹೋಗಿ ಕರೆದೆ. "ನನಗ ಈಗ ಹತ್ರದ್ದ ಕಾಣಂಗಿಲ್ಲ ಯವ್ವಾ" ಅಂದರು. ನಾನು ಸುಮ್ಮನೆ ನಿಂತೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ, "ಕಣ್ಣು ನಿಂದು, ಕಿವಿ ನಂದು. ಆಗಬಹುದೇನು?" ಅಂದರು.

ಶುಕ್ರವಾರ ಇಡೀ ದಿನ ಕಿಡಿಯ ಸುದ್ದಿಗೇ ಹೋಗಲಿಲ್ಲ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಬಸಿದೆವು. ಮೂರು ವರ್ಷ ಕೂತ ಪೆಟ್ರೋಲು ವಾರ್ನಿಶ್ ಆಗಿರುತ್ತೆ, ವಾಸನೆಯೇ ಬೇರೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆವು. ಬ್ಯಾಟರಿ ಚಾರ್ಜಿಗೆ ಹೋಯಿತು. ನಾಲ್ಕೂ ಪ್ಲಗ್ ಬಿಚ್ಚೋಕೆ ಮೊದಲು, ಯಾವ ವೈರು ಯಾವುದಕ್ಕೆ ಅಂತ ವೈನಿಯ ನೇಲ್ ಪಾಲಿಶ್‌ನಿಂದ ಒಂದು, ಎರಡು, ಮೂರು, ನಾಲ್ಕು ಚುಕ್ಕೆ ಇಟ್ಟೆ. ಈ ಇಂಜಿನ್ನಿನಲ್ಲಿ ಕಿಡಿ ಬೀಳೋ ಕ್ರಮ 1-3-4-2. ವೈರು ಅದಲುಬದಲಾದರೆ ಎಲ್ಲಾ ಸರಿಯಿದ್ದೂ ಗಾಡಿ ಬರೀ ಕೆಮ್ಮುತ್ತೆ. ಒಂದೊಂದು ಸಿಲಿಂಡರಿಗೆ ನಾಲ್ಕು ಹನಿ ಇಂಜಿನ್ ಆಯಿಲ್ ಬಿಟ್ಟು ಇಂಜಿನ್ನನ್ನ ಕೈಯಿಂದ ತಿರುಗಿಸಿ ನೋಡಿದೆವು. ತಿರುಗಿತು. "ಇಂಜಿನ್ ಹೋಗಿಲ್ಲ" ಅಂದರು ಕಾಕಾ. ಮೂರು ಜನ ಹೇಳಿದ್ದ ಮಾತು ಅಲ್ಲಿಗೆ ಸುಳ್ಳಾಯಿತು.

ಬಿಚ್ಚಿದ ಪ್ಲಗ್ಗಿನ ಮೇಲೆ ಮೈಕೋ ಅಂತ ಬರೆದಿತ್ತು. ಬಿಟಿಎಂನಲ್ಲಿ ಬಾಡಿಗೆಗಿರೋ ನಾನು ದಿನಾ 'ಮೈಕೋ ಲೇಔಟ್' ಅನ್ನೋ ಬೋರ್ಡು ನೋಡ್ತೀನಿ. 1951ರಲ್ಲಿ ಶುರುವಾದ ಮೋಟರ್ ಇಂಡಸ್ಟ್ರೀಸ್ ಕಂಪನಿಯ ಚಿಕ್ಕ ಹೆಸರೇ ಮೈಕೋ. ಆಡುಗೋಡಿಯ ಅದರ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ ದೇಶದ ಮೂಲೆಮೂಲೆಗೆ ಹೋಗ್ತಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಅಂತಾಯಿತು. ನಿಮ್ಮಲ್ಲಿ ಎಷ್ಟೋ ಜನರ ಆಫೀಸು, ಪಿಜಿ ಎಲ್ಲಾ ಆ ಸುತ್ತಮುತ್ತಲೇ ಇರಬಹುದು.

ಶನಿವಾರ ಬೆಳಿಗ್ಗೆ ಕಾಕಾ ಕುರ್ಚಿ ಹಾಕಿಸಿಕೊಂಡು ಬಾನೆಟ್ಟಿನ ಮುಂದೆ ಕೂತರು. ಏನನ್ನೂ ಮುಟ್ಟೋ ಮೊದಲು ನನಗೆ ಕರೆಂಟಿನ ದಾರಿ ಹೇಳಿಸಿದರು. ಬ್ಯಾಟರಿಯ 12 ವೋಲ್ಟು ಸ್ವಿಚ್ಚಿನಿಂದ ಕಾಯಿಲಿಗೆ ಬರುತ್ತೆ. ಕಾಯಿಲಿನ ಒಳಗೆ ಎರಡು ಸುತ್ತು: ಒಂದು ದಪ್ಪ ತಂತಿಯದು, ಇನ್ನೊಂದು ಕೂದಲಿನಂಥ ತಂತಿಯದು. ದಪ್ಪ ತಂತಿಯ ಕರೆಂಟು ಡಿಸ್ಟ್ರಿಬ್ಯೂಟರಿನ ಒಳಗಿರೋ ಸಿಬಿ ಪಾಯಿಂಟ್ ದಾಟಿ ಬಾಡಿಗೆ ಇಳಿಯುತ್ತೆ. ಪಾಯಿಂಟು ಅಂದರೆ ಕೂಡಿ ಅಗಲೋ ಎರಡು ಸಣ್ಣ ಗುಂಡಿ, ಅಷ್ಟೇ. ಕೂಡಿದಾಗ ಕಾಯಿಲಿನಲ್ಲಿ ಅಯಸ್ಕಾಂತ ಶಕ್ತಿ ತುಂಬುತ್ತೆ. ಅಗಲಿದ ಕ್ಷಣಕ್ಕೆ ಅದು ಕುಸಿದು ಸಣ್ಣ ತಂತಿಯಲ್ಲಿ ಹದಿನೈದು-ಇಪ್ಪತ್ತು ಸಾವಿರ ವೋಲ್ಟು ಚಿಮ್ಮುತ್ತೆ. ಅದನ್ನ ರೋಟರ್ ಸರದಿಯಂತೆ ನಾಲ್ಕು ಪ್ಲಗ್ಗಿಗೆ ಹಂಚುತ್ತೆ. ಪಾಯಿಂಟಿನ ಪಕ್ಕದ ಕಂಡೆನ್ಸರ್, ಗುಂಡಿಗಳ ನಡುವೆಯೇ ಕಿಡಿ ಹಾರಿ ಅವು ಸುಡದಂತೆ ನೋಡಿಕೊಳ್ಳುತ್ತೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇದೆಲ್ಲಾ ಸೆಕೆಂಡಿಗೆ ನೂರು ಸಲ ನಡೀಬೇಕು.

ಅಮೆರಿಕದ ಡೇಟನ್ನಿನ ಚಾರ್ಲ್ಸ್ ಕೆಟರಿಂಗ್ ಅನ್ನೋ ಇಂಜಿನಿಯರ್ ರೂಪಿಸಿದ ಈ ವ್ಯವಸ್ಥೆ ಮೊದಲು ಬಂದಿದ್ದು 1910ರ ಕ್ಯಾಡಿಲಾಕ್ ಕಾರಿಗೆ. ಅವನ ಕಂಪನಿಯ ಹೆಸರು ಡೆಲ್ಕೊ. ಮಿಸ್ತ್ರಿ ಕಾಕಾ ಇವತ್ತಿಗೂ ಡಿಸ್ಟ್ರಿಬ್ಯೂಟರಿಗೆ 'ಡೆಲ್ಕೊ' ಅಂತಾರೆ.

"ದಾರಿ ಗೊತ್ತಾತಿಲ್ಲ? ಈಗ ಕರೆಂಟ್ ಎಲ್ಲಿ ತನಕ ಬಂದು ನಿಂತೈತಿ ಅಂತ ಹುಡುಕೂದು. ಗೊತ್ತಾಗೂ ತನಕ ಪಾನಾ ಮುಟ್ಟಬ್ಯಾಡ" ಅಂದರು ಕಾಕಾ.

ಪೆಟ್ರೋಲ್ ಕ್ಯಾನನ್ನ ಹತ್ತು ಮಾರು ದೂರ ಇಡಿಸಿದರು. ಒಂದು ಪ್ಲಗ್ಗನ್ನ ಅದರ ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಮೈ ಇಂಜಿನ್ನಿಗೆ ತಾಗೋ ಹಾಗೆ ಮಲಗಿಸಿದೆ. ಬರಿಗೈಲಿ ಹಿಡಿದರೆ ಝಾಡಿಸಿ ಒದೆಯುತ್ತೆ. ಅಣ್ಣ ಒಳಗೆ ಕೂತು ಸ್ಟಾರ್ಟರ್ ಹೊಡೆದ. ಕಿಡಿ ಇಲ್ಲ. ಎರಡನೇ ಪರೀಕ್ಷೆ: ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ನಡುಮಧ್ಯಕ್ಕೆ ಬರೋ ದಪ್ಪ ವೈರು ಕಿತ್ತು, ರಬ್ಬರ್ ಹಿಡಿಕೆಯ ಪಕ್ಕಡಿನಲ್ಲಿ ಇಂಜಿನ್ನಿನ ಹತ್ತಿರ ಹಿಡಿದೆ. ಇಲ್ಲೂ ಇಲ್ಲ. ಇಲ್ಲಿ ನೀಲಿ ಕಿಡಿ ಬಂದು ಪ್ಲಗ್ಗಿಗೆ ಮಾತ್ರ ಬಂದಿಲ್ಲದಿದ್ದರೆ ಕ್ಯಾಪು, ರೋಟರು, ವೈರುಗಳನ್ನ ಅನುಮಾನಿಸಬೇಕಿತ್ತು. ಈಗ ಅವನ್ನೆಲ್ಲಾ ಸದ್ಯಕ್ಕೆ ಬಿಡಬಹುದು.

ಮೂರನೆಯದಕ್ಕೆ ಕಾಕಾ ತಮ್ಮ ಜೇಬಿನಿಂದ ಟೆಸ್ಟ್ ಲ್ಯಾಂಪ್ ತೆಗೆದರು. ಗಾಡಿಯ ಒಂದು ಸಣ್ಣ ಬಲ್ಬಿಗೆ ಎರಡು ವೈರು ಬೆಸೆದ ಸಾಧನ. ಒಂದು ತುದಿ ಬಾಡಿಗೆ ಸಿಕ್ಕಿಸಿ, ಇನ್ನೊಂದನ್ನ ಕಾಯಿಲಿನ ಸ್ವಿಚ್ ಕಡೆಯ ತುದಿಗೆ ಮುಟ್ಟಿಸಿದೆ. ಹತ್ತಿತು. ಡಿಸ್ಟ್ರಿಬ್ಯೂಟರ್ ಕಡೆಯ ತುದಿಗೆ ಮುಟ್ಟಿಸಿದೆ. ಹತ್ತಿತು. ಅಂದರೆ ಕಾಯಿಲಿನ ದಪ್ಪ ತಂತಿ ತುಂಡಾಗಿಲ್ಲ. "ಈಗ ಸ್ಟಾರ್ಟರ್ ಹೊಡಿಲಿ. ದೀಪ ಮಿಣಮಿಣ ಅನ್ನಬೇಕು." ಪಾಯಿಂಟು ಕೂಡಿದಾಗಲೆಲ್ಲ ದೀಪ ಆರಿ, ಅಗಲಿದಾಗ ಹತ್ತಬೇಕು. ಅಣ್ಣ ಹೊಡೆದ. ದೀಪ ಮಿಣುಕಲಿಲ್ಲ. ಒಂದೇ ಸಮ ಉರೀತಿತ್ತು.

"ಹೇಳ ಹಂಗಾರ, ಏನಾತು?"

"ಕರೆಂಟು ಇಲ್ಲಿ ತನಕ ಬಂದೈತಿ, ಬಾಡಿಗೆ ಇಳಿವಲ್ದು ಕಾಕಾ."

"ಹಾಂ. ಈಗ ಡೆಲ್ಕೊ ಬಿಚ್ಚು."

ಕ್ಯಾಪ್ ತೆಗೆದೆ. ಪಾಯಿಂಟು ಹೊಸದೇ, ಸುಟ್ಟಿರಲಿಲ್ಲ. ಗುಂಡಿಗಳು ಪೂರ್ತಿ ಅಗಲಿದಾಗ ನಡುವಿನ ಸಂದು 0.35ರಿಂದ 0.40 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ ಹಾಕಿ ನೋಡಿದೆ, ಸರಿಯಿತ್ತು. ಇಂಜಿನ್ ತಿರುಗಿಸಿ ಪಾಯಿಂಟು ಕೂಡಿಸಿದೆ. ಕೂಡಿದ್ದು ಕಣ್ಣಿಗೆ ಕಾಣ್ತಿದೆ, ಆದರೂ ಹೊರಗೆ ದೀಪ ಉರೀತಾನೇ ಇದೆ. ಗುಂಡಿಗಳ ನಡುವೆ ಸಿಗಿಸೋಕೆ ಕಾಗದ ಕೇಳಿದರು ಕಾಕಾ. ಬ್ಯಾಗಿನಲ್ಲಿದ್ದ ನನ್ನ ವಿಸಿಟಿಂಗ್ ಕಾರ್ಡು ಕೊಟ್ಟೆ. ಅದನ್ನ ತಡವಿ ನೋಡಿ, "ಇದು ಚಲೋ ದಪ್ಪ ಐತಿ" ಅಂದರು. ಕಾರ್ಡು ಸಿಗಿಸಿದ ಮೇಲೆ ಪಾಯಿಂಟು ಅಗಲಿದ ಲೆಕ್ಕ. ಈಗ ಪಾಯಿಂಟಿನ ಸ್ಪ್ರಿಂಗಿಗೆ ಲ್ಯಾಂಪ್ ಮುಟ್ಟಿಸಿದರೆ ಹತ್ತಲೇಬೇಕು.

ಹತ್ತಲಿಲ್ಲ.

ಡಿಸ್ಟ್ರಿಬ್ಯೂಟರಿನ ಹೊರಗಿನ ಟರ್ಮಿನಲ್ಲಿಗೆ ಮುಟ್ಟಿಸಿದೆ. ಹತ್ತಿತು. ಮತ್ತೆ ಒಳಗೆ. ಇಲ್ಲ. ಹೊರಗೆ. ಹತ್ತಿತು. ನಡುವೆ ಇದ್ದಿದ್ದು ಎರಡು ಇಂಚಿನ ಒಂದು ವೈರು.

"ಸಾವಕಾಶ ಜಗ್ಗಿ ನೋಡು" ಅಂದರು. ಜಗ್ಗಿದೆ. ವೈರು ರಬ್ಬರಿನ ಹಾಗೆ ಉದ್ದವಾಯಿತು. ಮೇಲಿನ ಹೊದಿಕೆ ಒಂದು ಗೀರೂ ಇಲ್ಲದೆ ನೆಟ್ಟಗಿತ್ತು. ಒಳಗಿನ ತಾಮ್ರ ತುಂಡಾಗಿತ್ತು. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಪಾಯಿಂಟು ಕೂತಿರೋ ತಟ್ಟೆ ಅಷ್ಟಿಷ್ಟು ಹೊರಳುತ್ತೆ. ಆ ವೈರು ನಲವತ್ತು ವರ್ಷ ಅದರ ಜೊತೆ ಬಾಗಿ ಬಾಗಿ ಒಳಗೇ ಕಡಿದುಹೋಗಿತ್ತು. ಹೊಸ ಬ್ಯಾಟರಿಯ, ಹೊಸ ಕಾಯಿಲಿನ, ಹೊಸ ಪ್ಲಗ್ಗಿನ ದಾರಿಯಲ್ಲಿ ಇದೊಂದೇ ಹಳೇದು ಉಳಿದಿತ್ತು.

ಅಣ್ಣ ಇಳಿದು ಬಂದು ನೋಡಿದ. "ಎರಡ ಇಂಚಿನ ವೈರ?" ಅಂದ. ಮತ್ತೇನೂ ಅನ್ನಲಿಲ್ಲ. ಅಪ್ಪ ಆ ವರ್ಷ ಪಟ್ಟ ಪಾಡನ್ನ ಹತ್ತಿರದಿಂದ ನೋಡಿದವನು ಅವನೇ.

ಮನೆ ವೈರಿಂಗಿನ ಗಟ್ಟಿ ವೈರು ಇಲ್ಲಿ ನಡೆಯಲ್ಲ, ನಾಲ್ಕು ದಿನಕ್ಕೆ ಮುರಿಯುತ್ತೆ. ಎಳೆ ಸಣ್ಣದಿರಬೇಕು, ಬಾಳ ಇರಬೇಕು. ಅಟ್ಟದ ಮೇಲಿದ್ದ ಹಳೇ ಟೇಪ್ ರೆಕಾರ್ಡರಿನ ಸ್ಪೀಕರ್ ವೈರಿನಿಂದ ಒಂದು ತುಂಡು ಕತ್ತರಿಸಿ, ಎರಡೂ ತುದಿಗೆ ಬೆಸುಗೆ ಹಾಕಿ ಕೂರಿಸಿದೆ. ಟರ್ಮಿನಲ್ಲಿನ ಕೆಳಗಿನ ಸಣ್ಣ ಇನ್ಸುಲೇಶನ್ ವಾಶರ್ ಜಾಗದಲ್ಲೇ ಇದೆಯಾ ಅಂತ ಕಾಕಾ ಎರಡೆರಡು ಸಲ ಕೇಳಿದರು. ಅದು ತಪ್ಪಿದರೆ ಕರೆಂಟು ಪಾಯಿಂಟಿಗೆ ಹೋಗದೆ ನೇರ ಬಾಡಿಗೆ ಇಳಿಯುತ್ತೆ, ಕಿಡಿ ಮತ್ತೆ ಸೊನ್ನೆ. ಸ್ಟಾರ್ಟರ್ ಹೊಡೆದಾಗ ಲ್ಯಾಂಪ್ ಮಿಣಮಿಣ ಅಂದಿತು. ಕಾಯಿಲಿನ ವೈರಿನಿಂದ ನೀಲಿ ಕಿಡಿ 'ಚಟ್' ಅಂತ ಹಾರಿತು. ಕಾಕಾಗೆ ಅದು ಕಾಣಲಿಲ್ಲ, ಕೇಳಿಸಿತು. "ಗಟ್ಟಿ ಐತಿ" ಅಂದರು.

ಪ್ಲಗ್ಗು, ಕ್ಯಾಪು, ಚುಕ್ಕೆ ನೋಡಿಕೊಂಡು ವೈರು, ಎಲ್ಲಾ ಹಾಕಿ ಎರಡು ಲೀಟರ್ ಹೊಸ ಪೆಟ್ರೋಲ್ ಸುರಿದೆವು. ಮೊದಲ ಸಲ ಬರೀ ತಿರುಗಿತು. ಎರಡನೇ ಸಲ ಒಮ್ಮೆ ಕೆಮ್ಮಿತು. ಮೂರನೇ ಸಲ ಶೆಡ್ಡೆಲ್ಲ ಹೊಗೆ ತುಂಬಿ, ಕೋಳಿಗಳು ದಿಕ್ಕಾಪಾಲಾಗಿ, ಇಂಜಿನ್ ಹತ್ತಿಕೊಂಡಿತು. ಮೊದಮೊದಲು ಕುಂಟುತ್ತಾ, ಆಮೇಲೆ ಸಮನಾಗಿ.

ಅಡುಗೆಮನೆಯಿಂದ ಅವ್ವ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತು ಸ್ವಲ್ಪ ಹೊತ್ತು ಬರೀ ಕೇಳಿದಳು. ಆ ಸದ್ದು ಓಣಿಯ ತಿರುವಿಗೆ ಬಂದಾಗಲೇ ಅವಳು ಅಪ್ಪನಿಗೆ ರೊಟ್ಟಿ ಬಡಿಯೋಕೆ ಕೂರ್ತಿದ್ದಿದ್ದು. ಕಣ್ಣೊರೆಸಿಕೊಂಡಳು ಅಂತ ಬರೆದರೆ ಸುಳ್ಳಾಗುತ್ತೆ. ಅಣ್ಣನ ಕಡೆ ತಿರುಗಿ, "ಪೈಪಿಗೆ ಬ್ಯಾರೆ ಶೆಡ್ಡ ಹಾಕಸು. ಇದು ಇರ್ಲಿ" ಅಂದಳು.

ಸೋಮವಾರ ಭಂಗಾರದವನು ಬಂದ. ಹಳೇ ನೇಗಿಲಿನ ತುಂಡು, ತೂತಾದ ಟಿನ್ನು, ತುಕ್ಕು ಹಿಡಿದ ಪಂಪಿನ ಪೈಪು ತೂಗಿ ಒಯ್ದ. ಗಾಡಿಯ ಕಡೆ ನೋಡಿ, "ಇದ್ರಾಗ ಲೋಖಂಡ ಬಾಳ ಐತ್ರಿ" ಅಂತ ಹೊಟ್ಟೆ ಉರಿಸಿಕೊಂಡ. ಮುಂದಿನ ತಿಂಗಳು ಬ್ರೇಕು, ಲೈಟು, ಟೈರು ಸರಿಮಾಡಿಸಿ, ಇನ್ಶೂರೆನ್ಸು, ಹೊಗೆ ತಪಾಸಣೆ ಮುಗಿಸಿ ಅಣ್ಣನೇ ಚಿಕ್ಕೋಡಿಗೆ ಓಡಿಸಿಕೊಂಡು ಹೋದ. ಫೀಸು ನಾನು ಕೊಟ್ಟೆ. ಆರ್‌ಸಿಗೆ ಈಗ 2029ರವರೆಗೆ ಆಯುಷ್ಯ. ಕಾಕಾರ ಇನ್ನೊಂದು ಕಣ್ಣಿನ ಆಪರೇಷನ್‌ಗೆ ಅವರನ್ನ ಕರೆದುಕೊಂಡು ಹೋಗಿದ್ದೂ ಅದೇ ಗಾಡಿ.

ಎಲ್ಲಾ ಹಳೇ ಗಾಡಿಯೂ ಎರಡು ಇಂಚಿನ ವೈರಿಗೆ ಏಳುತ್ತೆ ಅಂತ ನಾನು ಹೇಳ್ತಿಲ್ಲ. ಬ್ಲಾಕೇ ಸೀಳಿದ್ದರೆ ಭಂಗಾರಕ್ಕೇ ಕೊಡಬೇಕು. ಆದರೆ ಅದನ್ನ ನೋಡಿ ತಿಳಿದು ಕೊಡಬೇಕು. ನಿಮ್ಮ ಮನೆಯ ಶೆಡ್ಡಿನಲ್ಲೂ ಇಂಥದ್ದೊಂದು ನಿಂತಿದ್ದರೆ, ಬಿಡಿಭಾಗದ ಅಂಗಡಿಗೆ ಹೋಗೋ ಮೊದಲು ಒಂದು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಯಾಬಿನೊಳಗೆ ಕೂತಿದ್ದೆ. ಅಣ್ಣನ ಫೋನು.

"ರಾತ್ರಿ ಮಂಜ ಬಿದ್ದಿತ್ತು. ಗಾಡಿ ತಿರಗತೈತಿ, ಹತ್ತವಲ್ದು."

"ಕಾಯಿಲಿನ ವೈರಿನಾಗ ಕಿಡಿ ಐತೇನು?"

"ಐತಿ. ನೀಲಿ."

"ಪ್ಲಗ್ಗಿಗೆ?"

"ಇಲ್ಲ."

"ಹಂಗಾರ ಕ್ಯಾಪ್ ತಗದು ಒಳಗ ಒಣಾ ಅರಿವೀಲೆ ಒರಸು. ರೋಟರೂ ಒರಸು. ಸೀಳ ಬಿಟ್ಟೈತೇನು ನೋಡು."

ಫೋನು ಸ್ಪೀಕರಿಗೆ ಹಾಕಿಟ್ಟು ಹೋದ. ಬಾನೆಟ್ಟಿನ ಸದ್ದು, ಎಲ್ಲೋ ಕಬ್ಬಿನ ಟ್ರ್ಯಾಕ್ಟರಿನ ಹಾಡು. ಆಮೇಲೆ ಖೊರ್ ಖೊರ್, ಆಮೇಲೆ ಇಂಜಿನ್ನಿನ ಸದ್ದು. ಅದರ ಮೇಲೆ ಅವ್ವನ ಧ್ವನಿ: "ಮಾತ ಸಾಕು, ಲಗೂ ತಗೀ. ಸಂತಿಗೆ ಹೊತ್ತಾಗತೈತಿ."